ಎರಡು ತಟ್ಟಿದರೆ

ದೀಪ ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ, ನನಗೂ ಜೀವ ಇದೆ. ಕದ ಹಾಕಿದೆಯಾ ನೋಡಿ ಬನ್ನಿ... ಹಾಕಿದೆ ತಾನೆ? ಸರಿ. ಇದು ಯಾರೋ ಯಾರಿಗೋ ಹೇಳಿ, ಅವರು ನನಗೆ ಹೇಳಿದ್ದಲ್ಲ. ನನ್ನ ತಂಗಿಯ ಮಗನಿಗೇ ಆದದ್ದು.

ಅವನನ್ನು ನಾವೆಲ್ಲ ದಬ್ಬಣ ಅಂತೀವಿ. ಗಾಡಿಗಳ ಸೀಟು ಹೊಲಿಯೋದು ಅವನ ಕಸುಬು. ಆಳೂ ದಬ್ಬಣದ ಹಾಗೇ, ಉದ್ದಕ್ಕೆ, ಸಪೂರಕ್ಕೆ. ತುದಿ ಮಾತ್ರ ಅಷ್ಟು ಚೂಪಿಲ್ಲ.

ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ವೆಲ್ಡರನ ಶೆಡ್ಡಿನಿಂದ ಮನೆಗೆ ನಡೆದು ಬರುತ್ತಿದ್ದ. ಶೆಡ್ಡಿಗೂ ನಮ್ಮ ಬೀದಿಗೂ ನಡುವೆ ಒಂದು ಬಾವಿ. ಅದರ ಕಟ್ಟೆಯ ಒಂದು ಮಗ್ಗುಲು ಕುಸಿದಿದೆ, ಅಲ್ಲಿ ನಾಲ್ಕು ಸಿಮೆಂಟ್ ಇಟ್ಟಿಗೆ ಅಡ್ಡ ಇಟ್ಟಿದ್ದಾರೆ. ಈಗ ನೀರು ಸೇದುವವರು ಯಾರೂ ಇಲ್ಲ. ಆದರೂ ಒಳಗಿಂದ ಸದ್ದು ಬರುತ್ತೆ... ತೊಟ್... ತೊಟ್... ಗೋಡೆಯಲ್ಲಿ ಜಿನುಗಿದ ನೀರು ಕೆಳಗೆ ಬೀಳೋ ಸದ್ದು. ಹಗಲಲ್ಲಿ ಅದು ಕೇಳೋದೇ ಇಲ್ಲ.

ದಬ್ಬಣನ ಚಪ್ಪಲಿಗೆ ಗ್ರೀಸು ಮೆತ್ತಿತ್ತು. ಹೆಜ್ಜೆಹೆಜ್ಜೆಗೂ ಪಿಚಕ್ ಪಿಚಕ್ ಅನ್ನುತ್ತಿತ್ತು. ಆದರೆ ಅವನ ಕಿವಿಯಲ್ಲಿ ಕೂತಿದ್ದು ಬೇರೆ ಸದ್ದು. ದಪ್ಪ ತಗಡಿನ ಮೇಲೆ ಅಂಗೈ ಬಡಿದ ಸದ್ದು. ಡಬ್... ಡಬ್.

ಬಾವಿ ಹತ್ತಿರ ಬಂದ. ಕಟ್ಟೆಗೆ ಒರಗಿದ್ದ ನೆರಳೊಂದು ಎದ್ದು ನಿಂತಿತು.

"ನಾನು ಕಣೋ," ಅಂದಿತು ನೆರಳು. ವೆಲ್ಡರನ ಹೆಂಡತಿ.

"ಅಕ್ಕಾ... ಈ ಹೊತ್ತಲ್ಲಿ ಇಲ್ಲೇನು?"

"ಮೆಲ್ಲಗೆ. ಆ ಗಾಡಿ ಇವತ್ತು ಹಿಂದಕ್ಕೆ ತೆಗೆದೆಯಾ?"

"ತೆಗೆದೆ."

"ತಟ್ಟಿತಾ?"

ದಬ್ಬಣ ಹೌದು ಅಂತ ತಲೆ ಆಡಿಸಿದ.

"ಎಷ್ಟು?"

ಇಲ್ಲಿ ಸ್ವಲ್ಪ ತಾಳಿ. ಗಾಡಿ ಯಾವುದು ಅಂತ ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯಲ್ಲ.

ಅದೊಂದು ಹಳೇ ಜೀಪು. ಐದು ವರ್ಷ ವೆಲ್ಡರನ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಒಂದಿನ ವೆಲ್ಡರ್ ದಬ್ಬಣನ್ನ ಕರೆದು, "ನಿಂಗೆ ಗುಡ್ಡ ಹತ್ತಿಸೋ ಹುಚ್ಚು ಇದೆಯಲ್ಲ, ಈ ಗಾಡಿ ನೀನೇ ಇಟ್ಕೋ. ನಂಗೆ ಜಾಗ ಬೇಕು," ಅಂದ. ನೋಡಿ, ಮಳೆಗೆ ಕೊಡೆ ಕೊಡದ ಮನುಷ್ಯ ಜೀಪು ಕೊಟ್ಟ. ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅವನಿಗೆ ಅನುಮಾನ ಬರಬೇಕಲ್ಲ? ಬಾಯಿ ಕಿವಿಯವರೆಗೆ ಹಿಗ್ಗಿಸಿಕೊಂಡು ಬಂದ.

ಆಮೇಲೆ ಒಂಬತ್ತು ತಿಂಗಳು ಅವನು ಮನೆಯವನಲ್ಲ, ಶೆಡ್ಡಿನವನು. ಗಾಡಿಯನ್ನು ನಾಲ್ಕು ದಿಮ್ಮಿಗಳ ಮೇಲೆ ಕೂರಿಸಿ, ಚಕ್ರದ ಮೇಲಿನ ಕಮಾನು ಪಟ್ಟಿಗಳನ್ನು ಬಿಚ್ಚಿ, ಒಂದೊಂದನ್ನೇ ಉಜ್ಜಿ, ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿ ಗಾಡಿಯನ್ನು ಒಂದು ಗೇಣು ಎತ್ತರಿಸಿದ. ಮಣ್ಣು ಕಚ್ಚೋ ದೊಡ್ಡ ಬಟನ್ ಟೈರು ಹಾಕಿದ. ಹೊಳೆ ದಾಟುವಾಗ ಎಂಜಿನ್ ನೀರು ಕುಡಿಯಬಾರದು ಅಂತ ಗಾಳಿ ಎಳೆಯೋ ಕೊಳವೆಯನ್ನು ಮುಂದಿನ ಗಾಜಿನ ಪಕ್ಕದಿಂದ ಮೇಲಕ್ಕೆ ಏರಿಸಿದ. ಟಾಪನ್ನು ತಾನೇ ಹೊಲಿದ, ಹಿಂದಕ್ಕೆ ಒಂದು ಪ್ಲಾಸ್ಟಿಕ್ ಕಿಟಕಿ ಇಟ್ಟು. ಅವನ ಹೆಂಡತಿ ಊಟಕ್ಕೆ ಬಡಿಸುವಾಗ ಒಂದೇ ಮಾತು: "ಮನೆ ಬಾಗಿಲ ಕೀಲು ಆರು ತಿಂಗಳಿಂದ ಕಿರ್ ಅಂತಿದೆ, ಒಂದು ಹನಿ ಎಣ್ಣೆ ಕಂಡಿಲ್ಲ. ಆ ಕಬ್ಬಿಣಕ್ಕೆ ದಿನಾ ಎಣ್ಣೆ ಸ್ನಾನ."

ವೆಲ್ಡರ್ ಎಲ್ಲದಕ್ಕೂ ಕೈ ಕೊಟ್ಟ. ಬಂಪರ್ ಬೆಸೆದ, ಚಾಸಿಯ ಬಿರುಕು ಬೆಸೆದ. ಹಿಂದಿನ ಬಾಗಿಲು ಮಾತ್ರ... ಅದನ್ನ ಮುಟ್ಟಲಿಲ್ಲ. "ಅದು ಬೇಡ, ಕತ್ತರಿಸಿ ಬಿಸಾಕು, ಹೊಸಾದು ಮಾಡಿ ಕೊಡ್ತೀನಿ," ಅಂತ ಎರಡು ಸಲ ಹೇಳಿದ. ದಬ್ಬಣ ಕೇಳಬೇಕಲ್ಲ? "ಇಂಥ ದಪ್ಪ ತಗಡು ಈಗ ಎಲ್ಲಿ ಸಿಗುತ್ತೆ ಭಾವ?" ಅಂದು ತಾನೇ ಕೀಲು ತಿರುಗಿಸಿ ಬೋಲ್ಟ್ ಬಿಗಿದ. ವೆಲ್ಡರ್ ಮೇಲೆ ಬಳಿದಿದ್ದ ಹಸಿರು ಬಣ್ಣ ಕೆರೆದಾಗ ಒಳಗೆ ನೀಲಿ ಕಂಡಿತು ಅಂತ ಅವನು ಆಮೇಲೆ ಹೇಳಿದ್ದು. ಮೊದಲೇ ಹೇಳಿದ್ದರೆ ನಾನು ಆವತ್ತೇ ಅವನ ಕಾಲು ಕಟ್ಟಿ ಕೂರಿಸುತ್ತಿದ್ದೆ. ನೀಲಿ ಜೀಪು ನಮ್ಮ ಕಡೆ ಇದ್ದದ್ದು ಒಂದೇ.

ಅದು ಲೇತಣ್ಣನದು.

ಲೇತ್ ಯಂತ್ರದ ಕೆಲಸ ಮಾಡುತ್ತಿದ್ದನಲ್ಲ, ಅದಕ್ಕೆ ಲೇತಣ್ಣ. ಅವನೂ ವೆಲ್ಡರನೂ ಒಂದೇ ಶೆಡ್ಡಿನಲ್ಲಿದ್ದವರು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾವಿಯೊಳಗಿನ ಪಂಪು ಸಿಕ್ಕಿಕೊಂಡಿತು. ಹಗ್ಗ ಕಟ್ಟಿ ಜೀಪಿನಿಂದ ಎಳೆಯೋಣ ಅಂತ ಗಾಡಿ ಹಿಂದಕ್ಕೆ ತಂದರು. ವೆಲ್ಡರ್ ಒಳಗೆ, ಸ್ಟೀರಿಂಗ್ ಹಿಡಿದು. ಲೇತಣ್ಣ ಹೊರಗೆ, ಜೀಪಿಗೂ ಬಾವಿ ಕಟ್ಟೆಗೂ ನಡುವೆ, ಹಿಂಬಾಗಿಲು ತಟ್ಟಿ ದಾರಿ ಹೇಳೋಕೆ. ನಮ್ಮ ಕಡೆ ಬಸ್ಸಿರಲಿ ಲಾರಿಯಿರಲಿ, ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಬಾ. ಹಾಲು ಕುಡಿಯೋ ಮಗೂಗೂ ಗೊತ್ತು. "ಅವನೇ ಎರಡು ತಟ್ಟಿದ, ನಾನು ಬಂದೆ," ಅಂದ ವೆಲ್ಡರ್, ನೆಲದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಾ. ತಟ್ಟಿದ್ದು ಕೇಳಿದವರೂ ಇದ್ದರು. ಎರಡೇ ತಟ್ಟಿದ್ದು, ನಿಜ. ಪಾಪ, ಲೆಕ್ಕ ತಪ್ಪಿ ತಟ್ಟಿದ ಅಂದರು. ಲೇತಣ್ಣ ಜೀಪಿಗೂ ಕಟ್ಟೆಗೂ ನಡುವೆ ಸಿಕ್ಕಿ ಸತ್ತ, ಕಟ್ಟೆಯ ಒಂದು ಮಗ್ಗುಲು ಕುಸಿದದ್ದು ಆವತ್ತೇ.

ಲೇತಣ್ಣನ ಹೆಂಡತಿಯ ಬಗ್ಗೆ ನಾನು ಏನೂ ಹೇಳಲ್ಲ. ಹೇಳೋದಾದರೆ ಇಷ್ಟೇ, ವರ್ಷ ತುಂಬೋ ಮೊದಲು ಅವಳ ಬಟ್ಟೆ ವೆಲ್ಡರನ ಮನೆಯ ಹಗ್ಗದ ಮೇಲೆ ಒಣಗುತ್ತಿತ್ತು. ಬಾವಿ ಹತ್ತಿರ ಎದ್ದು ನಿಂತವಳು ಅವಳೇ. ದಬ್ಬಣ ಆಗ ಬೇರೆ ಊರಲ್ಲಿ ಹೊಲಿಗೆ ಕಲಿಯುತ್ತಿದ್ದ. ಸಾವು ಕೇಳಿದ್ದ, ಗಾಡಿ ಕಂಡಿರಲಿಲ್ಲ.

ಈಗ ಬನ್ನಿ, ಆ ರಾತ್ರಿಗೆ.

ಭಾನುವಾರ ಜೀಪಿನಲ್ಲಿ ಗುಡ್ಡ ಹತ್ತೋ ಅವನ ಗುಂಪಿನವರೆಲ್ಲ ಗುಡ್ಡದ ಹಾದಿಗೆ ಹೋಗೋದಿತ್ತು. ಆರು ಗಾಡಿ. ಅದಕ್ಕೆ ಮೊದಲು ಹೊಸ ಕಮಾನು ಸದ್ದು ಮಾಡುತ್ತಾ ನೋಡೋಣ ಅಂತ ದಬ್ಬಣ ಜೀಪು ಸ್ಟಾರ್ಟ್ ಮಾಡಿ ಶೆಡ್ಡಿನೊಳಗೇ ಹಿಂದಕ್ಕೆ ತೆಗೆದ. ಕಿರ್ರ್... ಅಂತು ಕಮಾನು. ಹಿಂದಿನಿಂದ ತಟ್ಟಿತು. ಡಬ್ ಡಬ್. ವೆಲ್ಡರ್ ಭಾವ ನಿಂತಿದ್ದಾನೆ ಅಂದುಕೊಂಡ. ಎರಡು ಅಂದರೆ ಬಾ. ಬಂದ. ಮತ್ತೆ ತಟ್ಟಿತು, ಈ ಸಲ ಜೋರಾಗಿ. ಡಬ್ ಡಬ್. ಮತ್ತೂ ಬಂದ... ಅಷ್ಟರಲ್ಲಿ ಮುಂದಿನ ಗೇಟಿನಿಂದ ವೆಲ್ಡರ್ ಒಳಗೆ ಬಂದ, ಕೈಯಲ್ಲಿ ಟೀ ಫ್ಲಾಸ್ಕು. "ಗೋಡೆಗೆ ಗುದ್ದುತೀಯೇನೋ, ನಿಲ್ಲಿಸು," ಅಂದ.

ದಬ್ಬಣ ಇಳಿದು ನೋಡಿದ. ಬಾಗಿಲಿಗೂ ಗೋಡೆಗೂ ನಡುವೆ ಒಂದು ಬೆರಳು ಜಾಗ. ಅಲ್ಲಿ ಮನುಷ್ಯ ನಿಲ್ಲೋದಿರಲಿ, ಬೆಕ್ಕೂ ನಿಲ್ಲಲ್ಲ.

"ಯಾರು ತಟ್ಟಿದ್ದು ಭಾವ?"

ವೆಲ್ಡರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ತಿರುಗಿಸುತ್ತಲೇ ಇದ್ದ. ಮುಚ್ಚಳ ಯಾವಾಗಲೋ ಕಳಚಿ ಕೈಗೆ ಬಂದಿತ್ತು. "ನಂಗೇನೂ ಕೇಳಿಸಲಿಲ್ಲ," ಅಂದ.

ಅದನ್ನೇ ತಲೆಯಲ್ಲಿಟ್ಟುಕೊಂಡು ಬರುವಾಗ ಬಾವಿಯ ಹತ್ತಿರ ಅವಳು ಸಿಕ್ಕಿದ್ದು. ಎಷ್ಟು ಅಂತ ಕೇಳಿದ್ದು.

"ಎರಡು," ಅಂದ ದಬ್ಬಣ. "ಎರಡೆರಡು ಸಲ."

ಅವಳು ಸೆರಗು ಬಾಯಿಗೊತ್ತಿಕೊಂಡಳು. ಬಾವಿಯೊಳಗೆ ತೊಟ್... ತೊಟ್...

"ನಿಮ್ಮ ಲೇತಣ್ಣ ಮೊದಲು ಕಲ್ಲು ಕ್ವಾರಿಯಲ್ಲಿದ್ದರು," ಅಂದಳು ಕಡೆಗೆ, ಉಸಿರಿನಲ್ಲೇ. "ಹತ್ತು ವರ್ಷ. ಅಲ್ಲಿ ತಿರುಗುಮುರುಗು. ಒಂದು ತಟ್ಟಿದರೆ ಬಾ. ಎರಡು ತಟ್ಟಿದರೆ ನಿಲ್ಲು."

"ಅದ್ಯಾಕೆ ಹಂಗೆ?"

"ಕಲ್ಲು ಸಿಡಿದು ತಗಡಿಗೆ ಬಡಿದರೂ ಒಂದು ಸದ್ದು ಆಗುತ್ತೆ. ಎರಡು ಮನುಷ್ಯನೇ ತಟ್ಟಬೇಕು. ನಿಲ್ಲು ಅನ್ನೋದು ತಪ್ಪಬಾರದು ನೋಡು, ಅದಕ್ಕೆ. ಆ ಅಭ್ಯಾಸ ಅವರಿಗೆ ಕೊನೇತನಕ ಹೋಗಲಿಲ್ಲ."

ದಬ್ಬಣನಿಗೆ ತಿಳಿಯಿತು. ಆ ಮನುಷ್ಯ ಲೆಕ್ಕ ತಪ್ಪಿರಲಿಲ್ಲ. ನಿಲ್ಲು ಅಂತಲೇ ತಟ್ಟಿದ್ದ. "ಅಯ್ಯೋ... ಭಾವನಿಗೆ ಅದು ಗೊತ್ತಿರಲಿಲ್ಲ ಪಾಪ," ಅಂದ.

"ನಾನೂ ಆರು ವರ್ಷ ಅದೇ ಅಂದುಕೊಂಡಿದ್ದೆ. ಮೊನ್ನೆ ನಿಮ್ಮ ಭಾವನ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು. ಕ್ವಾರಿಯವರೆಲ್ಲ ಲಾರಿ ಮುಂದೆ ನಿಂತಿದ್ದಾರೆ. ನಿಮ್ಮ ಲೇತಣ್ಣನ ಪಕ್ಕದಲ್ಲಿ ಇವರು. ಇವರೂ ಮೂರು ವರ್ಷ ಅಲ್ಲೇ ಇದ್ದರಂತೆ ಕಣೋ. ನಂಗೆ ಒಂದು ದಿನ ಹೇಳಿಲ್ಲ."

ಈಗ ಅರ್ಥ ಆಯಿತಾ? 

"ಭಾನುವಾರ ಇವರು ನಿನ್ನ ಗಾಡೀಲಿ ಬರ್ತಾರಂತಲ್ಲ," ಅಂದಳು ಅವಳು. "ಹಿಂದೆ ಮಾತ್ರ ಇವರನ್ನ ನಿಲ್ಲಿಸಬೇಡ. ನಿಲ್ಲಿಸಿದರೆ... ಎರಡು ಕೇಳಿಸಿದಾಗ ಯಾರ ಕೈ ಅಂತ ತಿಳ್ಕೊಂಡು ಬ್ರೇಕಿನಿಂದ ಕಾಲು ಎತ್ತು. ಇನ್ನೊಂದು ಸಾವು ನಿನ್ನ ಕಾಲಿಂದ ಆಗೋದು ಬೇಡ."

ಹೇಳಿ ಹೊರಟೇಹೋದಳು.

ಮೂರು ರಾತ್ರಿ ಅವನು ಕಣ್ಣು ಮುಚ್ಚಲಿಲ್ಲ. ಹೋಗೋದು ಬೇಡ ಅನ್ನಬಹುದಿತ್ತು. ಆದರೆ ಒಂಬತ್ತು ತಿಂಗಳು ಹೆಂಡತಿಯ ಕೈಲಿ ಅನ್ನಿಸಿಕೊಂಡವನು ಈಗ ದೆವ್ವಕ್ಕೆ ಹೆದರಿ ಗಾಡಿ ನಿಲ್ಲಿಸಿದೆ ಅಂತ ಯಾವ ಬಾಯಲ್ಲಿ ಹೇಳ್ತಾನೆ? ವೆಲ್ಡರನ್ನ ಬಿಟ್ಟು ಹೋಗೋ ಹಾಗೂ ಇಲ್ಲ. ಗುಡ್ಡದಲ್ಲಿ ಏನಾದರೂ ಮುರಿದರೆ ಎರಡು ಬ್ಯಾಟರಿ ಜೋಡಿಸಿ ಅಲ್ಲೇ ಬೆಸೆಯೋ ಆಳು ಆ ಗುಂಪಿಗೆ ಅವನೊಬ್ಬನೇ. ಕೊನೆಗೆ ದಬ್ಬಣ ಒಂದು ತೀರ್ಮಾನಕ್ಕೆ ಬಂದ. ಹಿಂದಕ್ಕೆ ತೆಗೆಯೋದೇ ಬೇಡ. ಮುಂದಕ್ಕೆ ಹೋಗಿ ಮುಂದಿನಿಂದಲೇ ಬರೋದು.

ಭಾನುವಾರ ಹೊರಟರು. ವೆಲ್ಡರ್ ಪಕ್ಕದ ಸೀಟಿನಲ್ಲಿ. ಗಾಡಿ ಚೆನ್ನಾಗಿಯೇ ಓಡಿತು ಅಂತೆ, ಹಾಳಾದ್ದು. ಟಾರು ಮುಗಿದು ಮಣ್ಣು ಶುರುವಾದಾಗ ದಬ್ಬಣ ತಡೆಯಲಾರದೆ ಕೇಳಿದ.

"ಭಾವ, ಎರಡು ತಟ್ಟಿದರೆ ಏನು?"

"ಇದೇನೋ ಕೇಳೋದು. ಬಾ ಅಂತ."

"ಎಲ್ಲ ಕಡೆಗೂ ಹಂಗೇನಾ?"

ವೆಲ್ಡರ್ ಹೊರಗೆ ನೋಡುತ್ತಾ ಕೂತ. ಕೈಮೇಲಿನ ಹಳೇ ಸುಟ್ಟ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಕರ್... ಕರ್... "ನಂಗೆ ಗೊತ್ತಿರೋದು ಇಲ್ಲೀದು," ಅಂದ. 

ಹಾದಿ ಒಂದು ಒಣಗಿದ ಹಳ್ಳಕ್ಕೆ ಇಳಿಯಿತು. ಎರಡೂ ಕಡೆ ಬಂಡೆ, ಒಂದು ಗಾಡಿ ಹೋಗುವಷ್ಟೇ ಅಗಲ. ನೆತ್ತಿ ಮೇಲೆ ಸೂರ್ಯ. ದೆವ್ವಕ್ಕೆ ಕತ್ತಲೇ ಬೇಕು ಅನ್ನೋರ ಮಾತು ನಂಬಬೇಡಿ, ಮಟಮಟ ಮಧ್ಯಾಹ್ನ ಅದು. ಐದು ಗಾಡಿ ಮುಂದೆ, ದಬ್ಬಣ ಕೊನೆಯವನು. ಎರಡನೇ ಗಾಡಿ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಮುಂದೆ ಹೋಗೋ ಹಾಗಿಲ್ಲ. ಗುಂಪಿನ ಹಿರಿಯನೊಬ್ಬ, ನಿವೃತ್ತ ಡ್ರಿಲ್ ಮೇಷ್ಟ್ರು, ಓಡಿ ಬಂದ.

"ಹಿಂದಕ್ಕೆ ತೆಗೀರಿ. ನಿಮ್ಮಿಂದ ಶುರು, ಒಬ್ಬೊಬ್ಬರೇ. ವೆಲ್ಡರ್, ಇಳಿ, ಹಿಂದೆ ನಿಂತು ದಾರಿ ಹೇಳು."

"ಬೇರೆ ಯಾರಾದ್ರೂ ನಿಲ್ಲಲಿ ಸಾರ್," ಅಂದ ದಬ್ಬಣ.

"ಎಲ್ಲರೂ ಮುಂದೆ ಹಗ್ಗ ಹಿಡಿದಿದ್ದಾರೆ. ಇವನಿಗೇನು ಕೈಯಿಲ್ಲವಾ?"

ವೆಲ್ಡರ್ ಇಳಿದ. ಇಳಿಯುವಾಗ ಒಂದು ಸಲ ದಬ್ಬಣನ ಮುಖ ನೋಡಿದ. "ನಿಧಾನಕ್ಕೆ ಬಾ," ಅಂದ. ಅಷ್ಟೇ.

ದಬ್ಬಣ ಚಿಕ್ಕ ಗೇರುಕೋಲು ಎಳೆದು ಗಾಡಿಯನ್ನು ಆಮೆ ನಡಿಗೆಗೆ ಹಾಕಿದ. ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಧೂಳು ಕೂತು ಏನೂ ಕಾಣುತ್ತಿರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಬಂಡೆ, ಬಂಡೆಯ ಪಕ್ಕ ವೆಲ್ಡರನ ಟೋಪಿ. ಎಂಜಿನ್ ದುಗುದುಗು ಅನ್ನುತ್ತಿತ್ತು. ಬಟನ್ ಟೈರಿನ ಕೆಳಗೆ ಕಲ್ಲು ಕಟಕ್ ಅಂತ ಹೊರಳುತ್ತಿತ್ತು. ಒಂದು ಮಾರು ಬಂದ. ಎರಡು ಮಾರು ಬಂದ.

ಕನ್ನಡಿಯಲ್ಲಿ ಟೋಪಿ ಇರಲಿಲ್ಲ.

ಡಬ್.

ಕಾಲು ಬ್ರೇಕಿನ ಮೇಲೆ ಹೋಯಿತು. ಒಂದು ಅಂದರೆ ನಿಲ್ಲು. ಕಾಯ್ದ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು...

ಡಬ್.

ಈಗ ಎರಡಾಯಿತು. ಎರಡು ಅಂದರೆ ಬಾ. ಇಷ್ಟು ವರ್ಷದ ಅಭ್ಯಾಸ ನೋಡಿ, ಅವನು ಯೋಚನೆ ಮಾಡೋ ಮೊದಲೇ ಬ್ರೇಕಿನಿಂದ ಬಲಗಾಲು ಏಳತೊಡಗಿತ್ತು. ಗಾಡಿ ಒಂದು ಚೂರು ಜಗ್ಗಿತು. ಕಮಾನು ಕಿರ್ರ್... ಅಂತು. ಅದೇ ಸದ್ದು, ಶೆಡ್ಡಿನಲ್ಲಿ ಕೇಳಿದ್ದು. ಬಾವಿಯ ಹತ್ತಿರ ಅವಳು ಅಂದದ್ದು ನೆನಪಾಯಿತು. ಯಾರ ಕೈ?

ಕಾಲನ್ನು ಮತ್ತೆ ಒತ್ತಿದ. ಹ್ಯಾಂಡ್‌ಬ್ರೇಕ್ ಎಳೆದ. ಕರಕ್ ಕರಕ್ ಕರಕ್. ಎಂಜಿನ್ ಆರಿಸಿದ. ಆರಿಸಿದ ಮೇಲೆ ಕೇಳಿಸಿತು, ಹಿಂದೆ ಯಾರೋ ಸಣ್ಣಗೆ ಕುಂಯ್‌ಗುಡುತ್ತಿದ್ದರು.

ಇಳಿದು ಹೋದ. ವೆಲ್ಡರ್ ಅಂಗಾತ ಬಿದ್ದಿದ್ದ. ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿತ್ತು. ಎಡಗೈ ಬೆನ್ನ ಕೆಳಗೆ. ಟೈರಿಗೂ ಅವನ ಮಂಡಿಗೂ ನಡುವೆ ನನ್ನ ಈ ಗೇಣಿನಷ್ಟೇ ಜಾಗ.

"ಒಂದೇ..." ಅಂದ ವೆಲ್ಡರ್. ಹಲ್ಲು ಕಟಕಟ ಬಡಿಯುತ್ತಿದ್ದವು. "ಒಂದೇ ತಟ್ಟಿದ್ದು ನಾನು. ನಿಲ್ಲು ಅಂತ. ಎರಡನೇದು ನಂದಲ್ಲ."

ದಬ್ಬಣ ಹಿಂಬಾಗಿಲು ನೋಡಿದ. ಮೂರು ಗಂಟೆಯ ಮಣ್ಣುಹಾದಿಯ ಧೂಳು ಅದರ ಮೇಲೆ ಕೆಂಪಗೆ ಕೂತಿತ್ತು. ತಗಡಿನ ಕೆಳ ಅಂಚಿನಲ್ಲಿ ಒಂದು ಅಂಗೈ ಗುರುತು, ಬಿದ್ದವನು ಕೈ ಚಾಚಿ ತಟ್ಟಿದರೆ ಮೂಡುತ್ತಲ್ಲ, ಅಲ್ಲಿ. ಇನ್ನೊಂದು ಮೇಲಿತ್ತು. ನಿಂತವನ ಎದೆಯ ಮಟ್ಟಕ್ಕೆ.

"ಅವತ್ತೂ ಎರಡೇ ತಟ್ಟಿದ," ಅಂದ ವೆಲ್ಡರ್, ಆಕಾಶ ನೋಡುತ್ತಾ. "ನಂಗೆ ಗೊತ್ತಿತ್ತು ಕಣೋ. ನಿಲ್ಲು ಅಂತಿದ್ದಾನೆ ಅಂತ ಗೊತ್ತಿತ್ತು."

ಅದನ್ನ ಕೇಳಿದ್ದು ದಬ್ಬಣ ಒಬ್ಬನೇ. ಮೇಷ್ಟ್ರು ಬರುವಷ್ಟರಲ್ಲಿ ವೆಲ್ಡರ್ ಬಾಯಿ ಮುಚ್ಚಿದ್ದ. ಕಲ್ಲು ಸರಿಸಿ ಕಾಲು ಬಿಡಿಸಿದರು. ಕಾಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಆವತ್ತಿನಿಂದ ಆ ಕಾಲು ಎಳೆದೇ ನಡೆಯುತ್ತಾನೆ, ನೀವೇ ನೋಡಿದ್ದೀರಿ.

ಸಂಜೆ ದಬ್ಬಣ ಅವಳಿಗೆ ಎಲ್ಲ ಹೇಳಿದ. ಅಳ್ತಾಳೆ ಅಂದುಕೊಂಡಿದ್ದನಂತೆ. ಅವಳು ಬೇರೇನೋ ಕೇಳಿದಳು.

"ಎರಡನೇದು ಅವರು ಯಾಕೆ ತಟ್ಟಿದರು?"

"ಅಂದರೆ?"

"ಕ್ವಾರಿ ಲೆಕ್ಕದಲ್ಲಿ ತಟ್ಟಿದ್ದರೆ ಎರಡು ಅಂದರೆ ನಿಲ್ಲು. ಇವರನ್ನ ಉಳಿಸಿದರು. ಇಲ್ಲಿಯ ಲೆಕ್ಕದಲ್ಲಿ ತಟ್ಟಿದ್ದರೆ... ಬಾ ಅಂದರು."

 ಆರು ವರ್ಷದಲ್ಲಿ ಲೇತಣ್ಣ ಇಲ್ಲಿಯ ಲೆಕ್ಕ ಕಲಿತನೋ ಇಲ್ಲವೋ, ಯಾರನ್ನ ಕೇಳೋದು? ಅದೇ ರಾತ್ರಿ ಅವಳು ವೆಲ್ಡರನ ಹಾಸಿಗೆ ಸುತ್ತಿ ಹೊರಗಿಟ್ಟಳು. ಈಗ ಅವನು ಮಲಗೋದು ಶೆಡ್ಡಿನಲ್ಲಿ, ದೀಪ ಉರಿಸಿಕೊಂಡೇ. ಯಾಕೆ ಅಂತ ಬೀದಿಯವರು ತಲೆಗೊಂದು ಮಾತಾಡಿದರು. ಸರಿಯಾದದ್ದು ಗೊತ್ತಿರೋದು ನನಗೆ, ಈಗ ನಿಮಗೆ.

ದಬ್ಬಣ ಆ ಹಿಂಬಾಗಿಲನ್ನು ಕೀಲು ಸಮೇತ ಕಿತ್ತು ತೂಕಕ್ಕೆ ಹಾಕಿದ. ಅದರ ಜಾಗಕ್ಕೆ ದಪ್ಪ ಕ್ಯಾನ್ವಾಸ್ ಬಟ್ಟೆ ಹೊಲಿದು ಗುಂಡಿ ಇಟ್ಟ. ಗಾಡಿ ಬಿಡು ಮಾರಾಯ ಅಂದರೆ ಬಿಡಲಿಲ್ಲ. ಒಂಬತ್ತು ತಿಂಗಳು ಬೆವರು ಸುರಿಸಿದ್ದೀನಿ ದೊಡ್ಡಮ್ಮ ಅಂತಾನೆ.

ಹೋದ ತಿಂಗಳು ನನ್ನನ್ನು ಕಣ್ಣು ಡಾಕ್ಟರ ಹತ್ತಿರ ಕರಕೊಂಡು ಹೋದದ್ದು ಅದೇ ಗಾಡಿಯಲ್ಲಿ. ಗೇಟಿನಿಂದ ಹಿಂದಕ್ಕೆ ತೆಗೆಯುತ್ತಿದ್ದ. ಬೆಳಿಗ್ಗೆ ಹತ್ತು ಗಂಟೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ನಾನೇ ತಿರುಗಿ ನೋಡಿದೆ.

ಡಬ್.

ಗಾಡಿ ನಿಲ್ಲಿಸಿದ. ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಸುಮ್ಮನೆ, ತುಟಿಯಲ್ಲೇ ಹತ್ತರವರೆಗೆ ಎಣಿಸಿದ.

"ನಿಲ್ಲಿಸಿದ್ದು ಯಾಕೋ?" ಅಂದೆ.

"ಎರಡನೇದು ಬರುತ್ತಾ ನೋಡ್ತಿದ್ದೀನಿ ದೊಡ್ಡಮ್ಮ."

"ಬಂದರೆ ಏನು ಮಾಡ್ತೀಯ?"

"ಇಳಿದು ನೋಡ್ತೀನಿ. ಒಂದಾದ್ರೂ ಇಳೀತೀನಿ, ಎರಡಾದ್ರೂ ಇಳೀತೀನಿ."

ಇಳಿದು ಹೋಗಿ ನೋಡಿ ಬಂದ. ಏನಿತ್ತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಿಂದೆ ಇದ್ದದ್ದು ಬಟ್ಟೆ. ನನ್ನ ಕೈಯಾರೆ ಮುಟ್ಟಿ ನೋಡಿದ್ದೀನಿ, ಅದನ್ನ ತಟ್ಟಿದರೆ ಪಟ್ ಅನ್ನುತ್ತೆ. ನಾನು ಕೇಳಿದ್ದು ತಗಡಿನ ಸದ್ದು. ಡಾಕ್ಟರು ಕಣ್ಣು ಮಂಜಾಗಿದೆ ಅಂದರು. ಕಿವಿಯ ಬಗ್ಗೆ ಅವರು ಏನೂ ಅನ್ನಲಿಲ್ಲ.